ಗೆಟ್ ಬ್ಯಾಕ್ ಮಾಡ್ತೀವಿ

ಎಲೆಅಡಿಕೆಯನ್ನು ದವಡೆಗೆ ಒತ್ತಿಕೊಂಡೇ ದಿವಾಕರ ಮಾತು ಕೊಟ್ಟಿದ್ದ.

“ನಿಮ್ಮ ಹುಡುಗಿ ಪಿಯುಸಿ ಮುಗಿಸಲಿ, ನಮ್ಮ ಕಂಪನಿಯಲ್ಲಿ ಕುರ್ಚಿ ಹಾಕಿ ಕೂರಿಸ್ತೀವಿ. ಇದು ನನ್ನ ಮಾತು ಅಂತ ಇಟ್ಕೊಳ್ಳಿ.”

ಅವನು ಕೂತಿದ್ದುದು ನರಸಯ್ಯನ ಮನೆ ಜಗಲಿಯ ಮೇಲೆ. ತಟ್ಟೆ ಹಿಡಿದಿದ್ದವಳು ನರಸಯ್ಯನ ಹೆಂಡತಿ ದೊಡ್ಡಲಕ್ಷ್ಮಮ್ಮ. ಎಲೆಯ ತೊಟ್ಟು ಮುರಿದು, ಸೆರಗಿನಲ್ಲಿ ಒರೆಸಿ, ಸುಣ್ಣ ಸವರಿ ಕೈಗೆ ಕೊಟ್ಟವಳೂ ಅವಳೇ. ಬಾಗಿಲ ಮರೆಯಲ್ಲಿ ನಿಂತಿದ್ದ ಮಗಳು ಭಾನುಪ್ರಿಯ ಆಗಿನ್ನೂ ನಾಲ್ಕನೇ ಕ್ಲಾಸು; ಕುರ್ಚಿ ಎಂದರೆ ಮೇಷ್ಟ್ರು ಕೂರುವುದು ಎಂದಷ್ಟೇ ಅವಳಿಗೆ ಗೊತ್ತಿದ್ದುದು.

ಹಾರೋಹಳ್ಳಿ ಸುತ್ತ ಒಂದೊಂದೇ ಫ್ಯಾಕ್ಟರಿ ಏಳುತ್ತಿದ್ದ ಕಾಲ ಅದು. ಬಾಟಲಿಗಳಿಗೆ ಮುಚ್ಚಳ ಮಾಡುವ ಕಂಪನಿಯವರು ಊರಾಚೆಯ ಬಂಡೆದಿಣ್ಣೆ ಕೊಂಡಿದ್ದರು. ಕೊಂಡ ಮೇಲೆ ನೋಡಿದರೆ ದಿಣ್ಣೆಗೆ ಲಾರಿ ಹೋಗಲು ದಾರಿಯಿಲ್ಲ. ಒಂದು ಕಡೆ ಹಳ್ಳ, ಇನ್ನೊಂದು ಕಡೆ ಕೆರೆ ಏರಿ, ನಡುವೆ ನರಸಯ್ಯನ ರೇಷ್ಮೆ ತೋಟ. ತೋಟದ ಮಧ್ಯಕ್ಕೇ ದಾರಿ ಬೇಕು ಎಂದರು. ಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಕೊಡುವ ತೋಟವನ್ನು ಹೊಟ್ಟೆ ಸೀಳಿದ ಹಾಗೆ ಸೀಳಿ ಕೊಡಲು ಯಾರಿಗೆ ಮನಸ್ಸು ಬರುತ್ತದೆ? ನರಸಯ್ಯ ಮೂರು ಸಲ ಇಲ್ಲ ಎಂದ. ನಾಲ್ಕನೇ ಸಲ ಬಂದಾಗ ಕಂಪನಿಯ ಪರವಾಗಿ ಓಡಾಡುತ್ತಿದ್ದ ದಿವಾಕರ ಮಗಳ ಮಾತು ಎತ್ತಿದ. ಅಲ್ಲಿಗೆ ನರಸಯ್ಯ ಬಿದ್ದ.

ರಿಜಿಸ್ಟರ್ ಆಫೀಸಿನಲ್ಲಿ ಬರೆದದ್ದೆಲ್ಲ ದಾರಿಯ ವಿಷಯ. ಕೆಲಸದ ವಿಷಯ ಎಲ್ಲೂ ಇರಲಿಲ್ಲ.

“ಅದನ್ನೂ ಒಂದ್ ಮಾತು ಬರೆಸ್ಕಬಾರ್ದಿತ್ತಾ?” ಎಂದು ದೊಡ್ಡಲಕ್ಷ್ಮಮ್ಮ ಆವತ್ತೇ ಕೇಳಿದ್ದಳು.

“ಎಲೆಅಡ್ಕೆ ತಿಂದವ್ನೆ ಕಣಮ್ಮಿ ಆವಪ್ಪ. ತಿಂದ್ಮೇಲೂ ಬರ್ಕೊಡು ಅಂದ್ರೆ ಮಕಕ್ಕೆ ಉಗುದಂಗಾಯ್ತದೆ,” ಎಂದಿದ್ದ ನರಸಯ್ಯ.

ಅವನು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಆ ಊರಲ್ಲಿ ಹೆಣ್ಣು ಕೊಡುವುದೂ ಎಲೆಅಡಿಕೆಯ ಮೇಲೇ, ಎತ್ತು ಮಾರುವುದೂ ಎಲೆಅಡಿಕೆಯ ಮೇಲೇ. ಒಬ್ಬರ ಮನೆಯ ಎಲೆ ಬಾಯಿಗೆ ಹೋಯಿತೆಂದರೆ ಮಾತು ಮುಗಿಯಿತು. ಆಮೇಲೆ ಮಾತು ಬೇಡವಾದವನು ಅದೇ ಮನೆ ಬಾಗಿಲಿಗೆ ಬಂದು, ನಾಲ್ಕು ಜನರ ಮುಂದೆ ಎಲೆಅಡಿಕೆ ತಿರುಗಿ ಕೊಟ್ಟು ಹೋಗಬೇಕು. ಹಾಗೆ ಕೊಟ್ಟು ಹೋದವನು ಮತ್ತೆ ಆ ಊರಲ್ಲಿ ತಲೆಯೆತ್ತಿ ಓಡಾಡಿದ್ದನ್ನು ಕಂಡವರಿಲ್ಲ. ಟೈ ಕಟ್ಟಿದವನಿಗೆ ಈ ಲೆಕ್ಕ ತಾಗುತ್ತದೋ ಇಲ್ಲವೋ ಎಂದು ಯೋಚಿಸುವ ಬುದ್ಧಿ ಮಾತ್ರ ಯಾರಿಗೂ ಬರಲಿಲ್ಲ.

ದಾರಿ ಆಯಿತು. ದಾರಿಯ ಎರಡೂ ಕಡೆ ಕಂಪನಿಯವರು ಹೊಂಗೆ ಗಿಡ ನೆಟ್ಟರು. ಗಿಡಗಳು ಮರವಾದವು. ಒಂದು ಶೆಡ್ಡು ಇದ್ದದ್ದು ಮೂರಾಯಿತು. ಲಾರಿಗಳ ದೂಳು ಕೂತ ಸೊಪ್ಪನ್ನು ತೊಳೆದು ತೊಳೆದು ಹುಳಕ್ಕೆ ಹಾಕುತ್ತ ದೊಡ್ಡಲಕ್ಷ್ಮಮ್ಮನ ಬೆನ್ನು ಬಾಗಿತು. ಭಾನುಪ್ರಿಯ ಪಿಯುಸಿ ಪಾಸಾದಳು.

ರಿಸಲ್ಟು ಬಂದ ವಾರವೇ ತಾಯಿ ಮಗಳು ಫ್ಯಾಕ್ಟರಿಗೆ ಹೋದರು. ದಿವಾಕರ ಈಗ ಮ್ಯಾನೇಜರು, ಗಾಜಿನ ರೂಮಿನಲ್ಲಿ ಕೂರುತ್ತಿದ್ದ. ಗುರುತು ಹಿಡಿದ, ನಕ್ಕ, ಕಾಫಿ ತರಿಸಿದ. ಆಮೇಲೆ ಭುಜ ಕುಣಿಸಿದ.

“ಈಗ ಮೊದಲಿನ ಹಾಗಲ್ಲಮ್ಮ. ಎಲ್ಲ ಪಾಲಿಸಿ ಪ್ರಕಾರ. ಒಂದು ಟೆಸ್ಟು ಅಂತ ಇರತ್ತೆ. ಆಯ್ತು, ವಿ ವಿಲ್ ಗೆಟ್ ಬ್ಯಾಕ್ ಟು ಯು.”

ಗೇಟಿನಾಚೆ ಬಂದ ಮೇಲೆ ದೊಡ್ಡಲಕ್ಷ್ಮಮ್ಮ ಮಗಳ ಕೈ ಜಗ್ಗಿದಳು. “ಕಡೇಲಿ ಅದೇನೋ ಅಂದ್ನಲ್ಲ, ಏನ್ಮಗ ಅದು?”

“ನಾವೇ ತಿರುಗ ಹೇಳಿ ಕಳುಸ್ತೀವಿ ಅಂತ ಕಣವ್ವ.”

“ಹೇಳಿ ಕಳುಸ್ತಾನಂತಾ? ಸದ್ಯ.”

ಯಾರೂ ಹೇಳಿ ಕಳಿಸಲಿಲ್ಲ. ಇವರೇ ಮತ್ತೆ ಹೋದರು. ಆಗ ಟೆಸ್ಟು ಕೊಟ್ಟರು. ಒಂದು ಹಾಳೆ. ಅದರಲ್ಲಿ ಲುಕ್ ಆಫ್ಟರ್, ರನ್ ಔಟ್, ಪಿಕ್ ಅಪ್, ಪುಟ್ ಆಫ್ ಎಂದು ಎರಡೆರಡು ಪದದ ಇಂಗ್ಲಿಷು. ಪ್ರತಿಯೊಂದನ್ನೂ ದಿನಬಳಕೆಯ ವಾಕ್ಯದಲ್ಲಿ ಬಳಸಿ ಬರೆಯಬೇಕಿತ್ತು. ಭಾನುಪ್ರಿಯ ತನ್ನ ದಿನದಲ್ಲಿ ಏನಿತ್ತೋ ಅದನ್ನು ಬರೆದಳು. ದಿವಾಕರ ಆ ಹಾಳೆಯನ್ನು ಆಫೀಸಿನ ಹುಡುಗರಿಗೆಲ್ಲ ಕೇಳುವ ಹಾಗೆ ಗಟ್ಟಿಯಾಗಿ ಓದಿದ.

“ಮೈ ಮದರ್ ಲುಕ್ಸ್ ಆಫ್ಟರ್ ದಿ ವರ್ಮ್ಸ್. ಇನ್ ಸಮ್ಮರ್ ದಿ ಲೀವ್ಸ್ ರನ್ ಔಟ್. ವಿ ಪಿಕ್ ಅಪ್ ದಿ ವರ್ಮ್ಸ್... ಏನಮ್ಮಾ ಇದು, ಎಲ್ಲದಕ್ಕೂ ಹುಳಾನೇನಾ? ನಾವೇನು ಆಫೀಸಲ್ಲಿ ಹುಳ ಸಾಕ್ತೀವಾ?”

ಹುಡುಗರು ನಕ್ಕರು. ಭಾನುಪ್ರಿಯಳ ಕಿವಿ ಕೆಂಪಾಗಿ, ಕಣ್ಣು ನೆಲಕ್ಕಿಳಿಯಿತು. ದೊಡ್ಡಲಕ್ಷ್ಮಮ್ಮನಿಗೆ ಅಷ್ಟರಲ್ಲಿ ಅರ್ಥವಾದದ್ದು ಒಂದೇ: ತನ್ನ ಮನೆಯ ಅನ್ನ ನೋಡಿ ಇವರು ನಗುತ್ತಿದ್ದಾರೆ.

“ಇಂಗ್ಲಿಷ್ ಒಸಿ ಇಂಪ್ರೂವ್ ಮಾಡ್ಕೊಂಡು ಬಾಮ್ಮ,” ಎಂದು ದಿವಾಕರ ‘ಒಸಿ’ ಅನ್ನುವುದನ್ನು ಊರವರ ಹಾಗೆ ಎಳೆದು ಹೇಳಿದ. ಮತ್ತೆ ನಕ್ಕರು. “ವಿ ವಿಲ್ ಗೆಟ್ ಬ್ಯಾಕ್.”

ಭಾನುಪ್ರಿಯ ಹಟ ಹಿಡಿದಳು. ಕನಕಪುರದಲ್ಲಿ ಬಸ್‌ಸ್ಟ್ಯಾಂಡಿನ ಹಿಂದೆ ಮಾತಾಡುವ ಇಂಗ್ಲಿಷು ಕಲಿಸುವ ಕ್ಲಾಸಿಗೆ ಸೇರಿದಳು. ಬೆಳಿಗ್ಗೆ ಬಸ್ಸು ಹತ್ತುವಳು, ಮಧ್ಯಾಹ್ನ ಬಂದು ಸೊಪ್ಪು ಕತ್ತರಿಸಲು ಕೂರುವಳು. ಮಚ್ಚು ಆಡುತ್ತಿರುವಾಗಲೇ ಬಾಯಲ್ಲಿ ಪಾಠ.

“ಗೆಟ್ ಅಪ್ ಅಂದ್ರೆ ಏಳೋದು. ಗಿವ್ ಅಪ್ ಅಂದ್ರೆ ಕೈಚೆಲ್ಲೋದು. ಟೇಕ್ ಅವೇ ಅಂದ್ರೆ ಎತ್ಕಂಡೋಗೋದು. ಪುಟ್ ಆನ್ ಅಂದ್ರೆ ತೊಟ್ಕಳೋದು. ಪುಟ್ ಆಫ್ ಅಂದ್ರೆ...”

“ಪುಟ್ ಅಂದ್ರೆ ಇಡೋದು ಅಂದಿದ್ದೆ ಮೊನ್ನೆ?” ಎಂದಳು ತಾಯಿ.

“ಬರೀ ಪುಟ್ ಅಂದ್ರೆ ಇಡೋದು. ಹಿಂದೊಂದು ಸಣ್ಣ ಪದ ಅಂಟ್ಕಂಡ್ರೆ ಅದ್ರ ದಾರೀನೇ ಬ್ಯಾರೆ. ನಾವು ‘ಕೊಡು’ಗೆ ‘ಬುಡು’ ಸೇರ್ಸಿ ಕೊಟ್ಬುಡು ಅನ್ನಲ್ವ? ತಿಂದಾಕು, ಕಿತ್ತಾಕು ಅನ್ನಲ್ವ? ಅಂಗೇ ಇದೂವೆ.”

“ಅಂಗನ್ನು ಮತ್ತೆ. ನಾವೂ ಇಂಗ್ಲಿಷ್ನೋರೇ ಬುಡು,” ಎಂದು ಹುಳದ ತಟ್ಟೆ ಕೊಡವುತ್ತಿದ್ದ ನರಸಯ್ಯ ನಡುವೆ ಬಾಯಿ ಹಾಕಿದ. “ನಿಮ್ಮವ್ವಂಗೆ ಒಂದು ಹೇಳ್ಕೊಡು ಮಗಾ, ಶಟ್ ಅಪ್ಪು.”

“ಅದು ನಂಗೆ ಗೊತ್ತೈತೆ, ಸಿನಿಮಾದಲ್ಲಿ ಕೇಳಿವ್ನಿ. ನಿಮ್ಗೇ ಬೇಕಾದ್ದು ಅದು,” ಎಂದು ದೊಡ್ಡಲಕ್ಷ್ಮಮ್ಮ ಗಂಡನ ಮೇಲೆ ಸೊಪ್ಪಿನ ಕಡ್ಡಿ ಎಸೆದಳು. “ಅದ್ಯಾವುದೋ ಪುಟ್ ಆಫ್ ಅಂದ್ಯಲ್ಲ ಮಗ, ಅದೇನು?”

“ಇವತ್ತು ಮಾಡೋದ್ನ ನಾಳೆ, ನಾಳೆದ್ನ ನಾಡಿದ್ದು ಅಂತ ಮುಂದಕ್ಕೆ ತಳ್ಕೊಂಡೋಗೋದು.”

“ಆ ದಿವಾಕ್ರ ಮಾಡ್ತಾವ್ನಲ್ಲ, ಅದು.”

“ಊಂ ಕಣವ್ವ. ಅದೇ.”

ಮೂವರೂ ನಕ್ಕರು. ಆ ಮನೆಯಲ್ಲಿ ಈ ವಿಷಯಕ್ಕೆ ನಗು ಬಂದದ್ದು ಅದೇ ಕೊನೆ.

ಎರಡನೇ ಸಲ ಟೆಸ್ಟು ಬರೆದಳು. ಈ ಸಲ ಹುಳದ ಸುದ್ದಿಯೇ ಇಲ್ಲದ ಹಾಗೆ, ರೈಲು, ಏರೋಪ್ಲೇನು, ಮಳೆ, ಕೊಡೆ ಎಂದೆಲ್ಲ ತಾನು ಹತ್ತದ ಹಿಡಿಯದ ವಸ್ತುಗಳನ್ನೆಲ್ಲ ತಂದು ವಾಕ್ಯ ಮಾಡಿದಳು. ದಿವಾಕರ ಹಾಳೆಯನ್ನು ಮಡಿಸಿ ಮೇಜಿನ ಮೇಲಿಟ್ಟ, ನೋಡಲಿಲ್ಲ. “ವಿ ವಿಲ್ ಲುಕ್ ಇನ್‌ಟು ಇಟ್,” ಎಂದ. ಮಳೆಗಾಲ ಮುಗಿಯಿತು. ಹಬ್ಬಗಳು ಬಂದು ಹೋದವು. ಇವರು ಹೋದಾಗಲೆಲ್ಲ ಬೇರೆ ಬೇರೆ ಮಾತು. ಒಂದು ಸಲ ಸಾರ್ಟ್ ಔಟ್, ಒಂದು ಸಲ ಫಾಲೋ ಅಪ್. ದೊಡ್ಡಲಕ್ಷ್ಮಮ್ಮನಿಗೆ ಈಗ ಅರ್ಥ ಕೇಳಬೇಕಾದ ಅಗತ್ಯ ಉಳಿದಿರಲಿಲ್ಲ. ನೆಟ್ಟಗೆ ಇಲ್ಲ ಎನ್ನಲು ಗಂಡಸುತನವಿಲ್ಲದವರು ಮಾತಿಗೆ ಇಂಥ ಬಾಲ ಕಟ್ಟಿ ಬಿಡುತ್ತಾರೆ ಎಂದು ಅವಳಿಗೆ ತಿಳಿದುಹೋಗಿತ್ತು. ಇಲ್ಲ ಎಂದಿದ್ದರೆ ಜಗಳ ಆಡಬಹುದಿತ್ತು. ಗೆಟ್ ಬ್ಯಾಕ್ ಅಂದವನ ಜೊತೆ ಹೇಗೆ ಜಗಳ ಆಡುವುದು?

ಒಂದು ದಿನ ಭಾನುಪ್ರಿಯ ಕನಕಪುರದಿಂದ ಬಂದವಳೇ ಇಂಗ್ಲಿಷ್ ಪುಸ್ತಕವನ್ನು ಕೊಟ್ಟಿಗೆಯ ಗಂಜಲದೊಳಕ್ಕೆ ಎಸೆದಳು.

“ಯಾಕ್ಮಗ? ಏನಾಯ್ತು?”

“ಬಸ್ಸಲ್ಲಿ ಒಬ್ಳು ಸಿಕ್ಕಿದ್ಳು ಕಣವ್ವ, ಶ್ವೇತ ಅಂತ. ಮಾಗಡಿ ಕಡೆಯೋಳು. ಮುಚ್ಚಳದ ಫ್ಯಾಕ್ಟ್ರೀಲಿ ಸ್ಟೋರ್ಸ್‌ನಲ್ಲಿ ಅವ್ಳೆ. ಟೆಸ್ಟು ಯೆಂಗೆ ಪಾಸ್ ಮಾಡ್ದೆ ಅಂತ ಕೇಳ್ದೆ. ಟೆಸ್ಟಾ, ಯಾವ್ ಟೆಸ್ಟು ಅಂದ್ಳು! ಯಾರ್ಗೂ ಟೆಸ್ಟಿಲ್ವಂತೆ ಅವ್ವ. ಕಂಟ್ರಾಕ್ಟ್ರು ವ್ಯಾನಲ್ಲಿ ತುಂಬ್ಕೊಂಡ್ ಬತ್ತಾನಂತೆ, ಮಾರ್ನೆ ದಿನ ಕೆಲ್ಸವಂತೆ. ಟೆಸ್ಟು ನಂಗೊಬ್ಳಿಗೇ!”

ದೊಡ್ಡಲಕ್ಷ್ಮಮ್ಮ ಪುಸ್ತಕವನ್ನು ಎತ್ತಿ, ತೊಳೆದು, ಬಿಸಿಲಿಗೆ ಹರಡಿದಳು. ಹಾಗೇ ಸೀರೆ ಎತ್ತಿಕಟ್ಟಿ ದಾರಿ ಹಿಡಿದು ನಡೆದಳು. ತನ್ನ ತೋಟದ ಮಧ್ಯದ ದಾರಿ. ಅತ್ತೆಯ ಕೈಯಡಿಯಲ್ಲಿ ಅವಳು ಮೊದಲು ಸೊಪ್ಪು ಕೊಯ್ದ ಜಾಗ ಈಗ ಟಾರು.

ಗೇಟಿನಲ್ಲಿ ಸೆಕ್ಯುರಿಟಿ ನಟರಾಜು ಅಡ್ಡ ನಿಂತ. ಪಕ್ಕದ ಊರಿನವನು, ದೂರದ ನೆಂಟನೂ ಹೌದು.

“ಅಪಾಯಿಂಟ್‌ಮೆಂಟ್ ಐತಾ ಅತ್ತೆ?”

“ನನ್ ತೋಟಕ್ಕೆ ಬರಕ್ಕೆ ನಂಗ್ಯಾತರ ಅಪಾಯಿಂಟ್‌ಮೆಂಟ್ಲಾ?”

ಅವನು ಮುಖ ಸಣ್ಣಗೆ ಮಾಡಿಕೊಂಡು ಫೋನಿನಲ್ಲಿ ಏನೋ ಕೇಳಿದ, ಊಂಗುಟ್ಟಿದ, ಫೋನಿಟ್ಟ. “ಸಾಯೇಬ್ರು ಮೀಟಿಂಗಲ್ಲವ್ರೆ. ಗೆಟ್ ಬ್ಯಾಕ್ ಮಾಡ್ತಾರಂತೆ ಅತ್ತೆ.”

“ನಿನ್ ಬಾಯ್ಗೂ ಬಂತಾ ಅದು?” ಎಂದಳು. ಬೈಯಲಿಲ್ಲ, ಉಗಿಯಲಿಲ್ಲ. ತಿರುಗಿ ಬಂದಳು. ಎದೆಯೊಳಗೆ ಸುಡುತ್ತಿದ್ದ ಕೆಂಡ ಬಾಯಿಗೆ ಬಂದಿದ್ದರೆ ಆರಿಹೋಗುತ್ತಿತ್ತು, ಬರಲಿಲ್ಲ.

ಮಾರನೆಯ ಬೆಳಿಗ್ಗೆ ಹುಳ ಹಣ್ಣಾಯಿತು. ರೇಷ್ಮೆ ಸಾಕುವ ಮನೆಯಲ್ಲಿ ಅದಕ್ಕಿಂತ ದೊಡ್ಡ ದಿನವಿಲ್ಲ. ಮೇವು ಬಿಟ್ಟ ಹುಳ ಜೇನಿನ ಬಣ್ಣಕ್ಕೆ ತಿರುಗಿ, ತಲೆಯೆತ್ತಿ ನೂಲು ಸುತ್ತಲು ಜಾಗ ಹುಡುಕುತ್ತದೆ. ಅದನ್ನು ಆಯ್ದು ಆಯ್ದು ಗೂಡು ಕಟ್ಟಿಸುವ ಬಿದಿರಿನ ತಟ್ಟಿಗೆ, ಎಂದರೆ ಚಂದ್ರಿಕೆಗೆ, ಬಿಡಬೇಕು. ಬಿಟ್ಟ ಮೇಲೆ ಗೂಡು ಕಟ್ಟುವ ತನಕ ಅಲ್ಲಾಡಿಸುವಂತಿಲ್ಲ, ಹೊಗೆ ತಾಗಿಸುವಂತಿಲ್ಲ, ಕಂಡವರು ಮುಟ್ಟುವಂತಿಲ್ಲ. ಅಕ್ಕಪಕ್ಕದ ಹೆಂಗಸರೆಲ್ಲ ಬಂದು ಸೇರಿದರು. ತುಂಬಿದ ಚಂದ್ರಿಕೆಗಳನ್ನು ಯಾವಾಗಲೂ ಮನೆಯ ಗೋಡೆಗೆ ಓರೆಯಾಗಿ ನಿಲ್ಲಿಸುವುದು ವಾಡಿಕೆ.

“ಗ್ವಾಡೆಗಲ್ಲ. ದಾರಿಗಿಡಿ,” ಎಂದಳು ದೊಡ್ಡಲಕ್ಷ್ಮಮ್ಮ.

ನರಸಯ್ಯ ಹೌಹಾರಿದ. “ತಲೆ ಕೆಟ್ಟದಾ ನಿಂಗೆ? ದಾರಿ ಬರ್ಕೊಟ್ಟಾಗೈತೆ. ಪೋಲೀಸ್ನೋರು ಬತ್ತಾರೆ.”

“ದಾರಿ ಅವರ್ದೆ, ಯಾರಿಲ್ಲ ಅಂದೋರು? ಹುಳ ನಮ್ದು. ಹೊಂಗೆ ನೆಳ್ಳು ತಣ್ಣಗೈತೆ, ಹುಳಕ್ಕೆ ಒಳ್ಳೇದು. ಇಡಿ ಅಂದೆ.”

“ಬೆಳೆ ಹೋಯ್ತದೆ ಕಣಮ್ಮಿ.”

“ಹೋಗ್ಲಿ! ಮಗಳ ಮರ್ಯಾದೆ ಹೋಯ್ತಲ್ಲ, ಆವತ್ತೆಲ್ಲೋಗಿತ್ತು ನಿಮ್ ಬಾಯಿ?”

ಆ ಮಾತಿಗೆ ನರಸಯ್ಯ ತಾನೇ ಮೊದಲ ಚಂದ್ರಿಕೆ ಹೊತ್ತ. ಬಿಸಿಲೇರುವಷ್ಟರಲ್ಲಿ ಗೇಟಿನ ಬಾಯಿಂದ ತೋಟದ ತುದಿಯ ತನಕ, ಈ ಹೊಂಗೆಯಿಂದ ಆ ಹೊಂಗೆಗೆ, ಚಂದ್ರಿಕೆಗಳು ದಾರಿಗೆ ಅಡ್ಡಲಾಗಿ ನಿಂತವು. ಒಂದೊಂದರ ಮೇಲೂ ನೂರಾರು ಹುಳ ಸದ್ದಿಲ್ಲದೆ ತಲೆಯಾಡಿಸುತ್ತ ನೂಲು ಬಿಡತೊಡಗಿದ್ದವು.

ಒಳಗಿನಿಂದ ಮುಚ್ಚಳದ ಲೋಡು ಹೊತ್ತ ಲಾರಿ ಬಂತು. ಓಡಿಸುತ್ತಿದ್ದವನು ರಾಮನಗರದ ತಾಜ್ ಪಾಷಾ. ಗೇಟಿಗೆ ಬಂದು, ಚಂದ್ರಿಕೆಗಳನ್ನು ಕಂಡು, ಬ್ರೇಕು ಒತ್ತಿ, ಮೊದಲು ಮಾಡಿದ ಕೆಲಸವೆಂದರೆ ಹೊಗೆ ತಾಗೀತೆಂದು ಎಂಜಿನ್ ಆರಿಸಿದ್ದು. ಆಮೇಲೆ ಇಳಿದು ಬಂದು ಸೊಂಟದ ಮೇಲೆ ಕೈಯಿಟ್ಟ.

“ಏನಕ್ಕಾ ಇದು, ನಡೂ ರಸ್ತೇಲಿ ಹಾಸ್ಗೆ ಹಾಸ್ಬುಟ್ಟಿದ್ದೀಯ?”

“ಹತ್ತುಸ್ಕೊಂಡೋಗಪ್ಪ ಮೇಲೆ. ನಾನೇನು ಬ್ಯಾಡ ಅಂದ್ನಾ?”

“ತೋಬಾ ತೋಬಾ! ನಮ್ಮನೇಲಿ ತಾತನ ಕಾಲದಿಂದ ಗೂಡು ಬೇಯ್ಸಿ ನೂಲು ತೆಗೆಯೋದು. ನಮ್ಮಮ್ಮ ಗುಲ್ಜಾರ್ ಬೀ ಇವತ್ತೂ ಬಿಸ್ನೀರಲ್ಲಿ ಕೈಯಿಟ್ಕೊಂಡು ಕೂತವ್ಳೆ. ಹಣ್ಣು ಹುಳದ ಮ್ಯಾಲೆ ಚಕ್ರ ಬುಟ್ಟೆ ಅಂತ ಗೊತ್ತಾದ್ರೆ ಅನ್ನ ಹಾಕ್ತಾಳಾ?” ಎಂದು ಲಾರಿಯ ನೆರಳಿನಲ್ಲಿ ಬೀಡಿಗೆ ಕೈಹಾಕಿದವನು, ನೆನಪಾಗಿ ಮತ್ತೆ ಜೇಬಿಗೇ ಇಟ್ಟುಕೊಂಡ.

ಹಿಂದೆ ಎರಡನೇ ಲಾರಿ ನಿಂತಿತು, ಮೂರನೆಯದು ನಿಂತಿತು. ಹಾರನ್ನು ಒತ್ತಿದವನಿಗೆ ತಾಜ್ ಪಾಷಾನೇ ಹೋಗಿ ಬೈದು ಬಂದ. ಚಂದ್ರಿಕೆ ಎತ್ತಿ ಬದಿಗಿಡು ಎಂದು ಒಳಗಿನಿಂದ ನಟರಾಜುವಿಗೆ ಫೋನು ಬಂತು. ಅವನು ಟೋಪಿ ತೆಗೆದು ತಲೆ ಕೆರೆದುಕೊಂಡ. “ಹಣ್ಣು ಹುಳ ಸಾರ್. ಹೊರಗ್ನೋರು ಮುಟ್ಟಂಗಿಲ್ಲ. ನಮ್ಮನೇಲೂ ಸಾಕ್ತೀವಿ ಸಾರ್, ನನ್ ಕೈಲಾಗಲ್ಲ.”

ಆಗ ದಿವಾಕರ ಬಂದ. ಹಿಂದೆ ಬಾಂಬೆಯಿಂದ ಬಂದಿದ್ದ ದೊಡ್ಡ ಸಾಹೇಬನೂ ಬಂದ. ಕನ್ನಡ ಬಾರದ ಬಿಳಿ ಕೂದಲಿನ ಮನುಷ್ಯ. ಲೋಡು ಹೊರಡುವುದನ್ನು ನೋಡಲೆಂದೇ ಬಂದವನು.

“ಏನ್ರೀ ಇದೆಲ್ಲ? ರಸ್ತೆ ತಡೆಯೋದು ಕ್ರಿಮಿನಲ್ ಕೇಸಾಗತ್ತೆ, ಗೊತ್ತಾ?” ಎಂದು ದಿವಾಕರ ನರಸಯ್ಯನ ಮೇಲೆ ಎಗರಿದ.

ನರಸಯ್ಯ ಪಕ್ಕಕ್ಕೆ ಸರಿದ. ಹಿಂದಿನಿಂದ ದೊಡ್ಡಲಕ್ಷ್ಮಮ್ಮ ತಟ್ಟೆ ಹಿಡಿದು ಬಂದಳು. ಅದೇ ಹಿತ್ತಾಳೆ ತಟ್ಟೆ. ತಟ್ಟೆಯಲ್ಲಿ ಏನೂ ಇರಲಿಲ್ಲ.

“ಉಗೀರಿ ಸಾಮಿ,” ಎಂದಳು.

“ಏನು?”

“ಆವತ್ತು ನನ್ ಕೈಯಿಂದ ಇಸ್ಕಂಡು ತಿಂದ್ರಲ್ಲ ಎಲೆಅಡ್ಕೆ, ಅದ್ನ ಉಗುದ್ಬುಡಿ ಇದ್ರೊಳಕ್ಕೆ. ಮಾತು ಬ್ಯಾಡ ಅಂದ್ರೆ ಎಲೆಅಡ್ಕೆ ವಾಪಸ್ ಕೊಡ್ಬೇಕು ನಮ್ ಕಡೆ. ಇಷ್ಟ್ ಜನ ಅವ್ರೆ, ಕೊಟ್ಬುಡಿ. ಈಗಿಂದೀಗ್ಲೇ ಹುಳ ಎತ್ಕಂಡು ಮನೆಗೋಗ್ತೀನಿ. ಆಮೇಲೆ ನಿಮ್ ಬಾಗ್ಲಿಗೆ ಬಂದ್ರೆ ಕೇಳಿ.”

ದಿವಾಕರ ಸುತ್ತ ನೋಡಿದ. ಹೆಂಗಸರು, ಡ್ರೈವರುಗಳು, ಗೇಟಿನ ಕಂಬಿಯ ಹಿಂದೆ ನಿಂತ ಕೆಲಸದ ಹುಡುಗಿಯರು. ಅವನೂ ಹಳ್ಳಿಯಿಂದ ಬಂದವನೇ, ಮಂಡ್ಯದ ಕಡೆಯವನು. ಖಾಲಿ ತಟ್ಟೆಯ ಅರ್ಥ ಅವನಿಗೆ ಗೊತ್ತಿತ್ತು. ಟೈ ಸಡಿಲ ಮಾಡಿಕೊಂಡ.

“ಅಲ್ಲಮ್ಮ, ಹೀಗೆಲ್ಲ ಮಾಡಿದ್ರೆ ಹೇಗೆ? ಸಾರ್ ಹತ್ರ ಮಾತಾಡಿ ನಾನು ನಿಮಗೆ ಗೆಟ್ ಬ್ಯಾಕ್...”

“ಗೆಟ್ ಬ್ಯಾಕ್ ಬ್ಯಾಡಾ!”

ಅವಳ ಕೂಗಿಗೆ ಹೊಂಗೆ ಮರದ ಕಾಗೆಗಳೆದ್ದವು. “ಅದೊಂದ್ ಮಾತು ಇನ್ನೊಂದ್ಸಲ ಆಡ್ಬೇಡಿ ನನ್ನೆದ್ರಿಗೆ! ಕೊಡ್ತೀನಿ ಅನ್ನಿ, ಇಲ್ಲ ಉಗೀರಿ. ಎರಡ್ರಲ್ಲಿ ಒಂದು!”

ದೊಡ್ಡ ಸಾಹೇಬ ಏನು ಗಲಾಟೆ ಎಂದು ಇಂಗ್ಲಿಷಿನಲ್ಲಿ ಕೇಳಿದ. ದಿವಾಕರ ಬಾಯಿ ತೆರೆಯುವಷ್ಟರಲ್ಲಿ ಭಾನುಪ್ರಿಯ ಮುಂದೆ ಬಂದಳು. 

“ಸರ್, ಮೈ ಫಾದರ್ ಗೇವ್ ಅಪ್ ಹಿಸ್ ಗಾರ್ಡನ್ ಫಾರ್ ದಿಸ್ ರೋಡ್. ದಿಸ್ ಸರ್ ಪ್ರಾಮಿಸ್ ಜಾಬ್. ಹೀ ಪುಟ್ ಆಫ್. ಎವೆರಿ ಮಂತ್ ಹೀ ಪುಟ್ ಆಫ್. ಟೆಸ್ಟ್ ಫಾರ್ ಮಿ ಓನ್ಲಿ, ಸರ್. ನೋ ಟೆಸ್ಟ್ ಫಾರ್ ಅದರ್ಸ್. ಮೈ ಮದರ್ ವಿಲ್ ನಾಟ್ ಟೇಕ್ ಅವೇ ದಿ ವರ್ಮ್ಸ್. ಶೀ ವಿಲ್ ನಾಟ್ ಗಿವ್ ಅಪ್.”

ಮಾತು ಅಲ್ಲಲ್ಲಿ ಮುಗ್ಗರಿಸಿತು. ದೊಡ್ಡಲಕ್ಷ್ಮಮ್ಮನಿಗೆ ಪೂರ್ತಿ ತಿಳಿಯದಿದ್ದರೂ ಪುಟ್ ಆಫ್ ತಿಳಿಯಿತು, ಗಿವ್ ಅಪ್ ತಿಳಿಯಿತು. ಸೊಪ್ಪು ಕತ್ತರಿಸುವಾಗ ಕೇಳಿದವು. ಮಗಳು ಮತ್ತೆ ಹುಳದ ಮೇಲೆಯೇ ವಾಕ್ಯ ಮಾಡಿದ್ದಳು. ಈ ಸಲ ಆಫೀಸಿನ ಹುಡುಗರಲ್ಲಿ ಯಾರೂ ನಗಲಿಲ್ಲ.

ದೊಡ್ಡ ಸಾಹೇಬ ಕೈಗಡಿಯಾರ ನೋಡಿದ. ಸಾಲಾಗಿ ನಿಂತ ಲಾರಿಗಳನ್ನು ನೋಡಿದ. ಇದೆಲ್ಲ ನಿಜವೇ ಎಂದು ದಿವಾಕರನನ್ನು ಕೇಳಿದ. ದಿವಾಕರ ಪಾಲಿಸಿ, ಕ್ವಾಲಿಟಿ ಎಂದೇನೋ ತೊದಲಿದ. “ಸಾರ್ಟ್ ಇಟ್ ಔಟ್. ನೌ,” ಎಂದು ಸಾಹೇಬ ಒಳಕ್ಕೆ ನಡೆದ. ಅವನಿಗೆ ಹುಡುಗಿಯ ಮೇಲೆ ಕನಿಕರವೇನೂ ಬಂದಿರಲಿಲ್ಲ. ಲೋಡು ಹೊರಡಬೇಕಿತ್ತು, ಅಷ್ಟೇ.

“ಏನಂದ್ನೇ ಅವ್ನು? ಇವನೂ ಮುಂದಕ್ಕೆ ತಳ್ಳುದ್ನಾ?”

“ಇಲ್ಲ ಕಣವ್ವ. ಈಗ್ಲೇ ಬಗೆಹರ್ಸು ಅಂದ.”

“ಕೆಲ್ಸದ ಕಾಗ್ದ ಬರೋಗಂಟ ಹುಳ ಎತ್ತಲ್ಲ,” ಎಂದು ದೊಡ್ಡಲಕ್ಷ್ಮಮ್ಮ ದಾರಿಯ ಮಧ್ಯೆಯೇ ಕೂತಳು. ಆವತ್ತು ಮಾಡಿದ್ದ ತಪ್ಪನ್ನು ಇನ್ನೊಮ್ಮೆ ಮಾಡಲು ಅವಳು ತಯಾರಿರಲಿಲ್ಲ.

ಕಾಗದ ಬರುವಷ್ಟರಲ್ಲಿ ಬಿಸಿಲು ಹೊಂಗೆಯ ನೆರಳನ್ನು ದಾಟಿ ಚಂದ್ರಿಕೆಯ ಮೇಲೆ ಬಿದ್ದಿತ್ತು. ಭಾನುಪ್ರಿಯ ಎರಡೆರಡು ಸಲ ಓದಿ ತಲೆಯಾಡಿಸಿದಳು. ಕಾಗದ ತಂದು ಕೊಟ್ಟವನು ದಿವಾಕರನೇ. ಕೊಡುವಾಗ ದೊಡ್ಡಲಕ್ಷ್ಮಮ್ಮನ ಮುಖ ನೋಡಲಿಲ್ಲ. ಅವಳಂತೂ ಅವನನ್ನೇ ನೋಡುತ್ತಿದ್ದಳು. ಸಮಾಧಾನ ಬಂದೀತೆಂದು ಕಾದಳು, ಬರಲಿಲ್ಲ. ಎಲೆಅಡಿಕೆ ತಿಂದ ದಿನವೇ ಬರೆದುಕೊಡಬಹುದಾಗಿದ್ದ ನಾಲ್ಕು ಸಾಲು. ಅದಕ್ಕಾಗಿ ಮಗಳು ನಾಲ್ಕು ಜನರ ಮುಂದೆ ನಗೆಪಾಟಲಾದಳು, ತಾನು ರಂಡೆಯ ಹಾಗೆ ಬೀದಿಯಲ್ಲಿ ಕೂಗಾಡಿದೆ ಎಂದುಕೊಂಡಾಗ ಸಿಟ್ಟು ಮೊದಲಿಗಿಂತ ಹೆಚ್ಚೇ ಆಯಿತು.

ಗೂಡು ಕಟ್ಟುವ ಹೊತ್ತಿನಲ್ಲಿ ದಾರಿಯಿಂದ ಮನೆಗೆ ಎತ್ತಿ ಸಾಗಿಸಿದ್ದರಿಂದ ಎಷ್ಟೋ ಹುಳ ಉದುರಿದವು. ಬಿಸಿಲು ತಾಗಿದವು ಅರ್ಧಕ್ಕೇ ನೂಲು ನಿಲ್ಲಿಸಿದವು. ಉಳಿದ ಗೂಡು ಸಿಗರೇಟು ಕಾಗದದಷ್ಟು ತೆಳ್ಳಗೆ. ನರಸಯ್ಯ ಅದನ್ನೇ ರಾಮನಗರದ ಗೂಡಿನ ಮಾರ್ಕೆಟ್ಟಿಗೆ ಹೊತ್ತು ಹೋದ. ಕೊಳ್ಳುವವರು ಹಿಡಿಯಲ್ಲಿ ಅದುಮಿ ನೋಡಿ ಮುಂದಕ್ಕೆ ಹೋದರು. ಆ ಸಲದ ಬೆಳೆ ಕೈಗೆ ಹತ್ತಲಿಲ್ಲ.

ಒಂದನೇ ತಾರೀಖು ಭಾನುಪ್ರಿಯ ಮುಚ್ಚಳದ ಫ್ಯಾಕ್ಟರಿಯ ಸ್ಟೋರ್ಸ್‌ನಲ್ಲಿ ಕುರ್ಚಿಯ ಮೇಲೆ ಕೂತಳು. ದಿವಾಕರ ಕೊಟ್ಟಿದ್ದ ಮಾತು ನಡೆಯಿತು.